ರಾಣೆಬೆನ್ನೂರಿಗೆ ಬಂದ ಸಮುದ್ರ ಪಾಚಿ

ಕೋವಿಡ್ ಮುಗಿದು ಕಾಲೇಜುಗಳು ಹಳಿಗೆ ಬಂದ ಎರಡನೇ ವರ್ಷ. ರಾಣೆಬೆನ್ನೂರಿನ ಒಂದು ಪದವಿ ಕಾಲೇಜಿನಲ್ಲಿ ನಾನು ಸಸ್ಯಶಾಸ್ತ್ರ ವಿಭಾಗದ ಮುಖ್ಯಸ್ಥನಾಗಿದ್ದೆ. ಬ್ಯಾಡಗಿಯಿಂದ ದಿನಾ ಬಸ್ಸಿನಲ್ಲಿ ಓಡಾಟ; ನಿವೃತ್ತಿಗೆ ಎರಡು ವರ್ಷ ಬಾಕಿ. ಬಿ.ಎಸ್ಸಿ. ಕೊನೆಯ ಸೆಮಿಸ್ಟರ್‌ನ ಇಪ್ಪತ್ತಮೂರು ವಿದ್ಯಾರ್ಥಿಗಳ ಪ್ರಾಜೆಕ್ಟ್‌ಗಳಿಗೆ ನಾನೇ ಗೈಡ್. ವಿದ್ಯಾರ್ಥಿ ತಾನೇ ಒಂದು ವಿಷಯ ಆರಿಸಿಕೊಂಡು, ಮೂರು ತಿಂಗಳು ಪ್ರಯೋಗ ಮಾಡಿ, ವರದಿ ಬರೆದು, ಹೊರಗಿನಿಂದ ಬರುವ ಪರೀಕ್ಷಕರ ಎದುರು ವೈವಾದಲ್ಲಿ, ಅಂದರೆ ಮೌಖಿಕ ಪರೀಕ್ಷೆಯಲ್ಲಿ, ಉತ್ತರ ಕೊಡಬೇಕು. ಅದಕ್ಕೆ ಐವತ್ತು ಅಂಕ.

ಇದು ಕಾಗದದ ಮೇಲಿನ ಮಾತು. ಹಾವೇರಿಯ ಒಂದು ಟೈಪಿಂಗ್ ಅಂಗಡಿಯಲ್ಲಿ ಸಿದ್ಧ ವರದಿಗಳು ಸಿಗುತ್ತಿದ್ದವು. ಹೆಸರು ಬದಲಿಸಿದರೆ ಮುಗಿಯಿತು. ನನಗೆ ಗೊತ್ತಿತ್ತು. ಗೊತ್ತಿಲ್ಲದವನ ಹಾಗೆ ಇರುವುದನ್ನೂ ಅಷ್ಟು ವರ್ಷಗಳಲ್ಲಿ ಚೆನ್ನಾಗಿ ಕಲಿತಿದ್ದೆ.

ಆ ವರ್ಷ ಹಲಗೇರಿಯ ರೇಣುಕಾ ಎಂಬ ವಿದ್ಯಾರ್ಥಿನಿ ಬಂದು ತನಗೆ ಬೇರೆ ವಿಷಯ ಬೇಕೆಂದಳು. ಅವರೂರಿನ ಸುತ್ತ ಮೆಣಸಿನಕಾಯಿಯ ಹೈಬ್ರಿಡ್ ಬೀಜದ ಪ್ಲಾಟುಗಳಿವೆ. ಮೊಗ್ಗು ಅರಳುವ ಮೊದಲೇ ಅದರ ಕೇಸರ ಕಿತ್ತು, ಮರುದಿನ ಬೇರೆ ತಳಿಯ ಪರಾಗವನ್ನು ಕೈಯಿಂದ ಮುಟ್ಟಿಸಬೇಕು. ಈ ಕೆಲಸಕ್ಕೆ ಕ್ರಾಸಿಂಗ್ ಎನ್ನುತ್ತಾರೆ. ಅವಳ ತಾಯಿ ಅದನ್ನೇ ಮಾಡುತ್ತಿದ್ದರು, ರಜೆಯಲ್ಲಿ ಇವಳೂ.

"ಹೂ ಉದುರಿದ್ರ ನಮ್ಮವ್ವನ ಕೈ ಸರಿ ಇಲ್ಲಂತ ಸೂಪರ್‌ವೈಜರ್ ಬೈತಾನ್ರಿ ಸರ್. ಉದುರೂದು ಕೈಯಿಂದನೋ, ಹೊತ್ತಿನಿಂದನೋ, ನೋಡಬೇಕಾಗೈತ್ರಿ."

ಮಾಡು ಅಂದೆ. ಅವಳು ಬೆಳಿಗ್ಗೆ ಏಳಕ್ಕೆ, ಒಂಬತ್ತಕ್ಕೆ, ಹನ್ನೊಂದೂವರೆಗೆ ತಲಾ ನೂರು ಹೂವಿಗೆ ಪರಾಗ ಮುಟ್ಟಿಸಿ, ಒಂದೊಂದು ಹೊತ್ತಿಗೆ ಒಂದೊಂದು ಬಣ್ಣದ ದಾರ ಕಟ್ಟಿದಳು. ಏಳರ ಹೂಗಳಲ್ಲಿ ಅರವತ್ತೊಂದು ಕಾಯಿ ಕಟ್ಟಿದವು, ಒಂಬತ್ತರವುಗಳಲ್ಲಿ ನಲವತ್ತೆಂಟು, ಹನ್ನೊಂದೂವರೆಯವುಗಳಲ್ಲಿ ಬರೀ ಹತ್ತೊಂಬತ್ತು. ಬಿಸಿಲಿಗೆ ಪರಾಗ ಸಾಯುತ್ತದೆಯೇ ಎಂದು ನೋಡಲು ನಮ್ಮ ಲ್ಯಾಬಿನ ಮೈಕ್ರೋಸ್ಕೋಪ್ ಕೇಳಿ ತೆಗೆಸಿದಳು. ಅದರ ಮೇಲಿನ ಧೂಳು ಒರೆಸಿದವಳೂ ಅವಳೇ. ಎಲ್ಲವನ್ನೂ ಒಂದು ರಿಜಿಸ್ಟರಿನಲ್ಲಿ ಕನ್ನಡದಲ್ಲಿ ಬರೆದಿಟ್ಟಿದ್ದಳು.

ಅದನ್ನು ಓದಿ ನಾನು ಹೇಳಿದ್ದು ಇಷ್ಟೇ: "ಇಂಗ್ಲಿಷ್‌ನಾಗ ಟೈಪ್ ಆಗಬೇಕವ್ವಾ, ಫಾರ್ಮ್ಯಾಟ್ ಐತಿ. ಎಲ್ಲಾರೂ ಕೊಡೋ ಅಂಗಡಿಗೆ ಕೊಡು."

ರಿಜಿಸ್ಟರಿನ ಜೆರಾಕ್ಸ್ ಪ್ರತಿಯನ್ನು ಅವಳು ಹಾವೇರಿಗೆ ಹೋಗಿ ಕೊಟ್ಟು ಬಂದಳು. ವೈವಾದ ಹಿಂದಿನ ದಿನ ಇಪ್ಪತ್ತಮೂರು ವರದಿಗಳು ಬೈಂಡಾಗಿ, ಒಂದೇ ಗಂಟಿನಲ್ಲಿ, ನೇರ ನನ್ನ ಟೇಬಲ್ಲಿಗೆ ಬಂದವು. 'ಇದು ನನ್ನ ಮಾರ್ಗದರ್ಶನದಲ್ಲಿ ವಿದ್ಯಾರ್ಥಿ ಸ್ವತಃ ಮಾಡಿದ ಕೆಲಸ' ಎಂಬ ಪ್ರಮಾಣಪತ್ರದ ಪುಟ ಮಾತ್ರ ಮಗುಚುತ್ತ ಇಪ್ಪತ್ತಮೂರು ಸಹಿ ಹಾಕಿದೆ. ಚಹಾ ಆರುವುದರೊಳಗೆ ಮುಗಿಯಿತು.

ಮರುದಿನ ರೇಣುಕಾಳ ಸರದಿ ಬಂತು. ಪರೀಕ್ಷಕರು ಬೇರೆ ಜಿಲ್ಲೆಯವರು. ವರದಿ ತೆರೆದು, "ಈ ಪಾಚಿಗಳನ್ನು ಯಾವ ಕಡಲ ತೀರದಲ್ಲಿ ಸಂಗ್ರಹಿಸಿದೆ?" ಎಂದು ಕೇಳಿದರು.

ಅವಳು ಪುಸ್ತಕ ಕೈಗೆ ತೆಗೆದುಕೊಂಡು ನೋಡಿದಳು. ಹೊರಗೆ ಅವಳ ಹೆಸರು, ಮೆಣಸಿನಕಾಯಿಯ ಶೀರ್ಷಿಕೆ. ಒಳಗೆ ಐವತ್ತೆಂಟು ಪುಟ ಸಮುದ್ರ ಪಾಚಿ. ಕೊನೆಯ ಪುಟದಲ್ಲಿ ಯಾವುದೋ ಕಾಲೇಜಿನ ಯಾರೋ ಗೈಡಿಗೆ ಕೃತಜ್ಞತೆ.

"ಇದು ನಂದಲ್ರಿ ಸರ್," ಅಂದವಳೇ ಚೀಲದಿಂದ ರಿಜಿಸ್ಟರ್ ತೆಗೆದು ಮೇಜಿನ ಮೇಲಿಟ್ಟಳು.

ಪರೀಕ್ಷಕರು ಗಡಿಯಾರ ನೋಡಿಕೊಂಡರು. "ಕೈಬರಹದ್ದು ನಡೆಯಲ್ಲ. ಇದು ನಿಂದೇ ಅನ್ನು, ಎಲ್ಲರಿಗೂ ಹಾಕಿದ ಹಾಗೆ ನಲವತ್ತು ಹಾಕ್ತೀನಿ. ಊಟಕ್ಕೆ ತಡವಾಗ್ತಿದೆ."

"ನಂದಲ್ಲದ್ದನ್ನ ನಂದು ಅಂತ ಹೆಂಗ ಅನ್ಲಿ?" ಎಂದು ಅವಳು ನನ್ನ ಕಡೆ ನೋಡಿದಳು.

ಪಾಚಿಯ ಆ ಪುಸ್ತಕದಲ್ಲಿ ನನ್ನ ಸಹಿ ಇತ್ತು. ನಾನು ಬಾಯಿ ಬಿಡಲಿಲ್ಲ. ಪರೀಕ್ಷಕರು ಸೊನ್ನೆ ಬರೆದರು. ಆಮೇಲೆ ನಾವಿಬ್ಬರೂ ಪಕ್ಕಪಕ್ಕ ಕುಳಿತು ಊಟ ಮಾಡಿದೆವು. ಅದನ್ನು ನೆನೆದರೆ ಇವತ್ತಿಗೂ ನನ್ನ ಬಗ್ಗೆ ನನಗೆ ಹೇಸಿಗೆಯಾಗುತ್ತದೆ.

ಮರುದಿನ ಹಾವೇರಿಗೆ ಹೋದೆ. ಅಂಗಡಿಯವನಿಗೆ ನನ್ನ ಗುರುತಿರಲಿಲ್ಲ. "ಯಾವ ಸಬ್ಜೆಕ್ಟ್ ಬೇಕ್ರಿ? ಬಾಟನಿಯಾಗ ನಾಕು ನಮೂನಿ ಅದಾವು," ಎಂದು ಕಂಪ್ಯೂಟರ್ ನನ್ನತ್ತ ತಿರುಗಿಸಿದ. ಹಲಗೇರಿಯ ಹುಡುಗಿಯದು ಯಾಕೆ ಟೈಪ್ ಮಾಡಲಿಲ್ಲ ಎಂದು ಕೇಳಿದೆ.

"ಅದು ಕನ್ನಡದಾಗ ಇತ್ರಿ. ಅದನ್ನ ಇಂಗ್ಲಿಷ್ ಮಾಡ್ಕೋತ ಯಾರು ಕುಂದರ್ತಾರ? ರೆಡಿ ಇದ್ದದ್ದು ಹಾಕಿ ಕಳಿಸಿದೆ. ಗೈಡ್ ಏನು ತೆರೆದು ನೋಡ್ತಾನೇನ್ರಿ?"

ಅವನು ಹೇಳಿದ್ದು ಖರೇ ಇತ್ತು.

ವಾಪಸ್ ಬಂದು ವಿಶ್ವವಿದ್ಯಾಲಯಕ್ಕೆ ಪತ್ರ ಬರೆದೆ: ಇಪ್ಪತ್ತಮೂರೂ ವರದಿಗಳಿಗೆ ಓದದೆ ಸಹಿ ಮಾಡಿದ್ದೇನೆ, ಆ ಸಹಿಗಳನ್ನು ಹಿಂತೆಗೆದುಕೊಳ್ಳುತ್ತೇನೆ. ಪ್ರಿನ್ಸಿಪಾಲರು ಪತ್ರ ಓದಿ ತಲೆಗೆ ಕೈ ಹಚ್ಚಿಕೊಂಡರು. "ಎರಡು ವರ್ಷ ಉಳದೈತಿ, ಸುಮ್ಮನ ಹೋಗೂದು ಬಿಟ್ಟು ಯಾಕ್ರಿ ಇದೆಲ್ಲಾ?" ನನಗೆ ಒಂದು ಇನ್‌ಕ್ರಿಮೆಂಟ್ ತಡೆಯಾಯಿತು. ಎಲ್ಲರ ಫಲಿತಾಂಶ ಎರಡು ತಿಂಗಳು ನಿಂತಿತು. ವಿದ್ಯಾರ್ಥಿಗಳು ನನಗೆ ನಮಸ್ಕಾರ ಹೇಳುವುದನ್ನು ಬಿಟ್ಟರು.

ವಿಶ್ವವಿದ್ಯಾಲಯ ಎಲ್ಲರಿಗೂ ಹೊಸ ವರದಿ ತರಲು ಹೇಳಿ ಮತ್ತೆ ವೈವಾ ಇಟ್ಟಿತು. ಹೊಸ ಪರೀಕ್ಷಕರೊಬ್ಬರು ಬಂದು ರೇಣುಕಾಳ ರಿಜಿಸ್ಟರನ್ನು ಮುಕ್ಕಾಲು ಗಂಟೆ ಓದಿ ನಲವತ್ತೇಳು ಅಂಕ ಕೊಟ್ಟರು. ಉಳಿದವರಲ್ಲಿ ಒಂಬತ್ತು ಜನ ನಿಜವಾಗಿ ಏನಾದರೂ ಮಾಡಿ ತಂದರು. ಹದಿಮೂರು ಜನ ಬೇರೆ ಅಂಗಡಿ ಹುಡುಕಿಕೊಂಡರು. ಅವನ್ನೂ ತಿರಸ್ಕರಿಸಿದೆ, ಕೊನೆಗೆ ಮೇಲಿನವರು ಪಾಸು ಮಾಡಿದರು.

ಫಲಿತಾಂಶ ಬರುವಷ್ಟರಲ್ಲಿ ಎಂ.ಎಸ್ಸಿ. ಅರ್ಜಿಯ ಕಡೇ ದಿನ ದಾಟಿತ್ತು. ಅಂಕಪಟ್ಟಿ ಒಯ್ಯಲು ಬಂದ ರೇಣುಕಾ ಬಾಗಿಲಲ್ಲೇ ನಿಂತು ಹೇಳಿದಳು: "ಅವತ್ತು ನೀವು ಒಂದು ಮಾತು ಆಡಿದ್ರ ನನ್ನ ವರ್ಷ ಉಳೀತಿತ್ರಿ ಸರ್." ನಾನು ಕ್ಷಮೆ ಕೇಳಿದೆ. ಅವಳು ತಲೆ ಅಲ್ಲಾಡಿಸಿ ಹೋದಳು. ಕ್ಷಮಿಸಿದಳೋ ಇಲ್ಲವೋ ತಿಳಿಯಲಿಲ್ಲ. ಮರುವರ್ಷ ಎಂ.ಎಸ್ಸಿ. ಸೇರಿದಳೆಂದು ಬೇರೆಯವರಿಂದ ಕೇಳಿದೆ.

ಕೊನೆಯ ಸೆಮಿಸ್ಟರ್‌ನಲ್ಲಿ ಏನು ಮಾಡಬೇಕೆಂದು ಪರಿಚಯದ ಮಕ್ಕಳು ಈಗಲೂ ಕೇಳುತ್ತಾರೆ. ನಿಮ್ಮ ಮನೆಯಲ್ಲಿ, ಹೊಲದಲ್ಲಿ ಯಾರಿಗೂ ಉತ್ತರ ಗೊತ್ತಿಲ್ಲದ ಒಂದು ಪ್ರಶ್ನೆ ಹುಡುಕಿ, ಲ್ಯಾಬಿನ ಬಾಗಿಲು ನಿಮಗೆ ತೆರೆದಿರುವಾಗಲೇ ಅದರ ಬೆನ್ನು ಹತ್ತಿ ಎನ್ನುತ್ತೇನೆ. ಮುಂದೆ ಅಷ್ಟು ಬಿಡುವನ್ನು ನಿಮಗೆ ಯಾರೂ ಕೊಡುವುದಿಲ್ಲ. ಮೇಷ್ಟರುಗಳು ನನ್ನನ್ನು ಏನೂ ಕೇಳುವುದಿಲ್ಲ. ಕೇಳಿದರೆ ಹೇಳಲು ಒಂದೇ ಮಾತಿದೆ: ಸಹಿ ಮಾಡುವ ಮೊದಲು ಪುಸ್ತಕ ತೆರೆಯಿರಿ. ಮೂವತ್ತು ವರ್ಷ ಸಂಬಳ ಕೊಟ್ಟು ನನ್ನನ್ನು ಇಟ್ಟುಕೊಂಡಿದ್ದು ಆ ಕೆಲಸಕ್ಕೇ. ಅದೊಂದನ್ನೇ ನಾನು ಮಾಡಿರಲಿಲ್ಲ.