ಗಣಿಯವರ ಅಂಗಿ ಒಗೆದಾಕೆ

ತಪ್ಪು ನನ್ನದೇ. ಯುರೇನಿಯಂ ಗಣಿ ಕಾರ್ಮಿಕರ ಬಟ್ಟೆ ಒಗೆಯುವ ಹೆಂಡತಿಯರ ಕುರಿತ ಲೇಖನವೊಂದರ ತಲೆಬರಹವನ್ನು ಸೋಪಿನ ಜಾಹೀರಾತಿನ ಧಾಟಿಯಲ್ಲಿ ಹಾಡಿ, ಆಫೀಸನ್ನೆಲ್ಲ ನಗಿಸಿ, ಕಂಪ್ಯೂಟರಿನಲ್ಲಿ ‘ಬೇಡ’ ಎಂದು ಒತ್ತಿದ್ದೆ.

ಈ ಕಾರ್ಮಿಕರ ಆರೋಗ್ಯದ ಬಗ್ಗೆ ಎಲ್ಲೆಲ್ಲೋ ಪ್ರಕಟವಾದ ಸಂಶೋಧನಾ ಲೇಖನಗಳನ್ನು ಹುಡುಕಿ, ಬೇಕಾದವನ್ನು ಒಂದೆಡೆ ಸೇರಿಸುವುದು ರಾಯಚೂರಿನಲ್ಲಿ ನನ್ನ ಕೆಲಸ. ದಿನಕ್ಕೆ ನೂರಾರು ತಲೆಬರಹ. ಬೇಸರ ಕಳೆಯಲು ಒಂದೊಂದನ್ನು ನಮ್ಮ ಸಾಹೇಬರ ಮೂಗುದನಿಯಲ್ಲಿ ಓದುತ್ತೇನೆ. ಸಾಹೇಬರು ಬಂದರೆ ನನ್ನದೇ ತೊದಲು ದನಿ ತಾನಾಗಿ ಬರುತ್ತದೆ.

ಅಂದು ಕಸ ಗುಡಿಸುತ್ತಿದ್ದ ದೇವದುರ್ಗದ ಕಡೆಯ ಹನುಮವ್ವ ಮಾತ್ರ ನಗಲಿಲ್ಲ. ಆಕೆಯ ಗಂಡ ಆಕೆಯನ್ನೂ ಕರೆದುಕೊಂಡು ದುಡಿಯಲು ಹೋಗಿದ್ದು ಹೊರರಾಜ್ಯದ ಅಂಥದೇ ಗಣಿಗೆ ಎಂದು ನನಗೆ ಗೊತ್ತಿರಲಿಲ್ಲ.

“ಆರು ವರ್ಷ ಅವ್ರ ಧೂಳಿನ ಅಂಗಿ ಜಾಡಿಸಿ ಜಾಡಿಸಿ ಒಗದೀನಿ ತಮ್ಮಾ. ಅವ್ರು ದಮ್ಮು ಹತ್ತಿ ಹೋದ್ರು. ಈಗ ನನಗೂ ಹತ್ತಾಕತ್ತದ. ಅದರಾಗ ಏನು ಬರದಾರ?”

“ಓದಿಲ್ಲ ಯವ್ವಾ. ಹೆಸರಷ್ಟ ನೋಡಿದೆ,” ಎಂದೆ.

ಆ ಲೇಖನ ಈಗ ‘ಬೇಕು’ ಪಟ್ಟಿಯಲ್ಲಿದೆ. ಆದರೂ ಅದರ ತಲೆಬರಹ ಕಣ್ಣಿಗೆ ಬಿದ್ದಾಗಲೆಲ್ಲ ಮುಖ ಬಿಸಿಯಾಗುತ್ತದೆ. ಹನುಮವ್ವ ಅಂದು ನನ್ನನ್ನು ಬೈಯಲೂ ಇಲ್ಲ. ಕಸಬರಿಗೆಯನ್ನು ಗೋಡೆಗೆ ಆನಿಸಿ, ನನ್ನ ಎದುರಿಗೆ ಕುರ್ಚಿ ಎಳೆದುಕೊಂಡು ಕೂತು ಹೇಳಿದ್ದು ಇಷ್ಟೇ:

“ಓದದೇ ನಗಾಕ ಬಂತಲ್ಲ, ಈಗ ಓದಿ ಹೇಳು.”