ಪೊರಕೆಯ ಹಿಂದೆ ಬರುವ ಹಕ್ಕಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ನದಿದಂಡೆಯ ಕಾಡಿನ ಕಾಲುದಾರಿಯಲ್ಲಿ ಪೊರಕೆಯ ಸದ್ದು ಮಾತ್ರ ಕೇಳುತ್ತಿದೆ. ಗೇಟು ತೆರೆದು ಜನ ಬರುವುದರೊಳಗೆ ದಾರಿ ಚೊಕ್ಕವಾಗಬೇಕು, ಹಾವು ಗೀವು ಇದ್ದರೆ ಕಣ್ಣಿಗೆ ಬೀಳಬೇಕು. ಇಲ್ಲಿ ಎಲ್ಲರೂ ಪೊರಕೆ ಅಕ್ಕ ಎಂದೇ ಕರೆಯುವ ಈಕೆಯದು ಇದೇ ಕೆಲಸ. ಇವತ್ತು ಅವರ ಹಿಂದೆ ಹೊಸ ಮೇಲ್ವಿಚಾರಕ ಸಾಹೇಬರೂ ಆಕಳಿಸುತ್ತ ಬರುತ್ತಿದ್ದಾರೆ.

ಕಾರಣವಿದೆ. ಅಕ್ಕ ದಾರಿಯ ನಡುವೆ ಮಾತ್ರ ಗುಡಿಸಿ, ತರಗೆಲೆಯನ್ನೆಲ್ಲ ಎರಡೂ ಅಂಚಿಗೆ ಹರಡಿಬಿಡುತ್ತಾರೆ. ಇದು ಮೈಗಳ್ಳತನವಲ್ಲದೆ ಇನ್ನೇನು ಎಂಬುದು ಸಾಹೇಬರ ಲೆಕ್ಕಾಚಾರ. ನಾಳೆಯಿಂದ ಅಂಚೂ ಬರಿದಾಗಬೇಕು, ಎಲೆಯೆಲ್ಲ ಗೇಟಿನಾಚೆ ಹೋಗಬೇಕು ಎಂದು ಅಪ್ಪಣೆಯಾಗಿದೆ. ಒಂದು ಬೆಳಗ್ಗೆ ನನ್ನ ಜೊತೆ ಬನ್ನಿ, ಆಮೇಲೆ ನಿಮ್ಮಿಷ್ಟ ಎಂದು ಅಕ್ಕ ಪಟ್ಟು ಹಿಡಿದಿದ್ದರು.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಅಕ್ಕನೂ ಹಾಗೇ ಅಂಚಿನವರೆಗೂ ಗುಡಿಸುತ್ತಿದ್ದರು. ಎಲ್ಲರೂ ಭೇಷ್ ಅಂದರು. ಆದರೆ ಅಂಚಿನಲ್ಲಿ ಎಲೆ ಮಗುಚಿ ಹುಳು ಹೆಕ್ಕುತ್ತ, ನಡುನಡುವೆ ಹಾಡುತ್ತಿದ್ದ ಮುಷ್ಟಿಗಾತ್ರದ ಕಂದು ಹಕ್ಕಿ ಕಾಣೆಯಾಯಿತು. ಕೊನೆಗೆ ಗೇಟಿನಾಚೆ, ಅವರೇ ಸುರಿದ ಎಲೆರಾಶಿಯ ಪಕ್ಕ, ಬೆಕ್ಕು ತಿಂದು ಬಿಟ್ಟ ಎರಡು ರೆಕ್ಕೆ ಸಿಕ್ಕವು.

"ಅದರ ಊಟಾನ ನಾನೇ ತಗೊಂಡು ಹೋಗಿ ಆಚೆ ಸುರಿದಿದ್ದೆ," ಎನ್ನುತ್ತಾರೆ ಅಕ್ಕ.

ಅಂದಿನಿಂದ ಎಲೆ ಅಂಚಿನಲ್ಲೇ ಉಳಿಯುತ್ತದೆ. ಮರುವರ್ಷ ಅದೇ ಜಾತಿಯ ಒಂದು ಜೋಡಿ ಬಂತು. ಈಗ ಪೊರಕೆ ಸದ್ದಾದರೆ ಸಾಕು, ಎದ್ದ ಹುಳು ಹಿಡಿಯಲು ಹಿಂದೆಯೇ ಹಾಜರು. ಅತ್ತೆಗೆ ಮನೆ ಗುಡಿಸುವಾಗ ಸೊಂಟನೋವು, ಕಾಡು ಗುಡಿಸುವಾಗ ಮಾತ್ರ ಇಲ್ಲ ಎಂದು ಸೊಸೆ ಕಿಚಾಯಿಸುತ್ತಾಳಂತೆ. ಅಕ್ಕ ನಗುತ್ತ ಒಪ್ಪಿಕೊಳ್ಳುತ್ತಾರೆ.

ಇವತ್ತು ನೋಡಿದರೆ ಹಕ್ಕಿಯ ಸುಳಿವೇ ಇಲ್ಲ. ಸಾಹೇಬರು ಗಡಿಯಾರ ನೋಡಿಕೊಳ್ಳುತ್ತಾರೆ. ಅಕ್ಕ ತಿರುಗಿ ನೋಡಿದರೆ, ಸಾಹೇಬರ ಬೂಟು ಅಂಚಿನ ಎಲೆಯ ಮೇಲೆಯೇ ಚರಪರ ಎನ್ನುತ್ತಿದೆ.

"ಸಾರ್, ಅದರ ತಟ್ಟೆ ಮೇಲೆ ನಿಂತಿದ್ದೀರ. ಈಚೆ ಬಂದು ಸ್ವಲ್ಪ ಕೂತ್ಕೊಳ್ಳಿ."

ಸಾಹೇಬರು ತೆಪ್ಪಗೆ ಕಲ್ಲಿನ ಮೇಲೆ ಕೂರುತ್ತಾರೆ. ಪೊರಕೆ ಮತ್ತೆ ಆಡುತ್ತದೆ. ಪೊದೆಯಿಂದ ಕಂದು ಹಕ್ಕಿ ಇಳಿದು, ಎಲೆಯೊಂದನ್ನು ಮಗುಚಿ, ಹುಳು ಕಚ್ಚಿಕೊಂಡು ಅವರ ಬೂಟಿನ ಮುಂದೆಯೇ ಕುಪ್ಪಳಿಸಿ ಹೋಗುತ್ತದೆ. ಹಿಂದೆಯೇ ಬಾಯಿ ತೆರೆದುಕೊಂಡು ಒಂದು ಮರಿ. ಸಾಹೇಬರು ಉಸಿರು ಬಿಗಿಹಿಡಿದು ಕೂತೇ ಇದ್ದಾರೆ.

ಏಳುವಾಗ ಅವರು ಹೇಳಿದ್ದು ಇಷ್ಟೇ, ಅಂಚು ಹಾಗೇ ಇರಲಿ ಅಂತ.

ಇನ್ನೇನಾದರೂ ಆಸೆ ಇದೆಯೇ ಎಂದು ನಾವು ಕೇಳಿದರೆ ಅಕ್ಕ ಪೊರಕೆಯ ಬುಡ ಕುಟ್ಟಿ ಸರಿಮಾಡಿಕೊಳ್ಳುತ್ತಾರೆ. "ಒಂದು ಬೆಳಗ್ಗೆ ಸೊಸೇನ ಕರ್ಕೊಂಡು ಬರ್ಬೇಕು. ನನ್ನ ಸೊಂಟನೋವು ಎಲ್ಲಿಗೆ ಹೋಗುತ್ತೆ ಅಂತ ತೋರಿಸ್ಬೇಕು."