ಹನ್ನೊಂದು ಸೆಕೆಂಡುಗಳ ನಸ್ರೀನ್

ರಿಯಾಜ್, ನಿನ್ನ ಅಕ್ಕನನ್ನು ಆ ಕ್ಯಾಸೆಟ್ಟಿನಿಂದ ಅಳಿಸಿದವನು ನೀನಲ್ಲ, ನಾನು. ಕೈತಪ್ಪಿ ಅಲ್ಲ, ಮರೆತು ಅಲ್ಲ — ಯಾವ ಕ್ಯಾಸೆಟ್ಟೆಂದು ತಿಳಿದೇ ಅಳಿಸಿದೆ. ಮರುದಿನ ನಿನ್ನ ತಾಯಿಯ ಎದುರಿಗೆ ಅದು ನಿನ್ನ ತಪ್ಪೆಂದು ವಾದಿಸಿ ಗೆದ್ದೆ. ನೀನೂ ನಂಬುವಷ್ಟು ಚೆನ್ನಾಗಿ ಗೆದ್ದೆ.

ಇದನ್ನು ನಿನ್ನೊಬ್ಬನ ಕಿವಿಯಲ್ಲಿ ಹೇಳಿದರೆ ಸಾಲದು. ನಿನ್ನ ಮೇಲೆ ತಪ್ಪು ಹೊರಿಸಿದ್ದು ಮನೆಮಂದಿಯೆಲ್ಲರ ನಡುವೆ. ಆದ್ದರಿಂದ ಆಗ ಹುಟ್ಟಿಯೇ ಇರದವರಿಗೂ ತಿಳಿಯುವಂತೆ, ಮೊದಲಿನಿಂದ ಬರೆಯುತ್ತಿದ್ದೇನೆ.

ಎಂಬತ್ತರ ದಶಕದಲ್ಲಿ, ಆರ್.ಟಿ. ನಗರದ ನಮ್ಮ ಬೀದಿಯಲ್ಲಿ ವಿಸಿಆರ್ ಇದ್ದದ್ದು ನಿಮ್ಮ ಮನೆಯೊಂದರಲ್ಲೇ. ಲಂಡನ್ನಿನ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ನಸ್ರೀನ್ ಅಕ್ಕ ಅದನ್ನು ಕಳುಹಿಸಿದ್ದಳು. ಊರಿಗೆ ಬರುವವರ ಕೈಯಲ್ಲಿ ಕ್ಯಾಸೆಟ್ಟುಗಳನ್ನೂ ಕೊಟ್ಟು ಕಳುಹಿಸುತ್ತಿದ್ದಳು — ಅಲ್ಲಿಯ ಟೀವಿಯಲ್ಲಿ ವಾರಕ್ಕೊಮ್ಮೆ ಬರುತ್ತಿದ್ದ ಪಾಪ್ ಹಾಡುಗಳ ಕಾರ್ಯಕ್ರಮ. ನೆಲದಿಂದ ಏಳುವ ಬಿಳಿ ಹೊಗೆ, ಕಣ್ಣಿಗೆ ಕಾಡಿಗೆ ಹಚ್ಚಿದ ಗಂಡಸರು, ಎಲ್ಲಿಗೂ ತಂತಿ ಸೇರಿಸದ ಗಿಟಾರುಗಳು. ಯಾರೂ ಅಲ್ಲಿ ನಿಜಕ್ಕೂ ಹಾಡುತ್ತಿರಲಿಲ್ಲ. ಮೊದಲೇ ಮುದ್ರಿಸಿದ ಹಾಡಿಗೆ ತುಟಿ ಆಡಿಸುತ್ತಿದ್ದರು. ಸುತ್ತ ನಿಂತು ಕುಣಿಯಲೆಂದು ಯುವಜನರನ್ನು ಒಳಗೆ ಬಿಡುತ್ತಿದ್ದರು. ಕ್ಯಾಮೆರಾ ಹೊರಳಿದತ್ತ ಅವರನ್ನೂ ಮಂದೆಯಂತೆ ಸರಿಸುತ್ತಿದ್ದರು.

ನಿನಗೆ ಕ್ರಿಕೆಟ್ ಬಿಟ್ಟರೆ ಬೇರೇನೂ ಬೇಕಿರಲಿಲ್ಲ. ನೋಡುತ್ತಿದ್ದವನು ನಾನು. ಕಾಲೇಜಿನ ಚರ್ಚಾಕೂಟದಲ್ಲಿ ವಿದೇಶಿ ಸಂಗೀತದಿಂದ ನಾಡಿನ ಯುವಜನ ಹಾಳಾಗುತ್ತಿದ್ದಾರೆಂದು ಗುಡುಗುತ್ತಿದ್ದ ನಾನು, ನಿಮ್ಮ ನಡುಮನೆಯ ಚಾಪೆಯ ಮೇಲೆ ಕುಳಿತು ಯಾವ ವಾರ ಯಾರು ಹಾಡುಗಳ ಪಟ್ಟಿಯಲ್ಲಿ ಎಷ್ಟನೆಯ ಸ್ಥಾನಕ್ಕೆ ಏರಿದರೆಂದು ಬಾಯಿಪಾಠ ಮಾಡಿದ್ದೆ. ಖಂಡಿಸುವುದಕ್ಕಾಗಿ ಅಧ್ಯಯನ ಎಂದು ಹೇಳಿಕೊಳ್ಳುತ್ತಿದ್ದೆ. ಅಲ್ಲ — ನನಗೆ ಅದು ಬೇಕಾಗಿತ್ತು.

ಒಂದು ವಾರ ನಸ್ರೀನ್ ಅಕ್ಕನಿಗೇ ಆ ಸ್ಟುಡಿಯೋದ ಟಿಕೆಟ್ ಸಿಕ್ಕಿತು. ನಿನ್ನ ತಾಯಿ — ನನಗೂ ಅವರು ಅಮ್ಮಿಯೇ — ಹೊಲಿದುಕೊಟ್ಟಿದ್ದ ಗಿಳಿಹಸಿರು ಕಮೀಜ್ ತೊಟ್ಟು ಹೋದಳು. ಹಳದಿ ಕೂದಲಿನ ಗಾಯಕನೊಬ್ಬನ ಬೆನ್ನ ಹಿಂದೆ, ಹೊಗೆಯ ನಡುವೆ, ಹನ್ನೊಂದು ಸೆಕೆಂಡು ಕಾಣಿಸಿದಳು. ಮೊದಲು ಸಂಕೋಚದಿಂದ ಕೈ ತಟ್ಟಿದಳು. ಮತ್ತೆ ಕ್ಯಾಮೆರಾವನ್ನು ನೇರವಾಗಿ ನೋಡಿ ‘ಅಮ್ಮಿ’ ಎಂದಳು. ದನಿ ಕೇಳುವುದಿಲ್ಲ, ತುಟಿ ಮಾತ್ರ ಕಾಣುತ್ತದೆ. ಇಡೀ ಕಾರ್ಯಕ್ರಮದಲ್ಲಿ ನಿಜವಾಗಿ ಮಾತನಾಡಿದ ತುಟಿ ಅದೊಂದೇ.

ಎಂಟು ತಿಂಗಳಲ್ಲಿ ಅವಳು ಅಲ್ಲಿಯೇ ರಸ್ತೆ ಅಪಘಾತದಲ್ಲಿ ತೀರಿಕೊಂಡಳು. ಮಣ್ಣು ಮಾಡಿದ್ದೂ ಅಲ್ಲಿಯೇ. ನಿಮ್ಮ ಮನೆಗೆ ಉಳಿದದ್ದು ಕೆಲವು ಕಾಗದ, ಒಂದೆರಡು ಫೋಟೋ, ಮತ್ತು ಅವಳೇ ಕಳುಹಿಸಿದ್ದ ಆ ವಾರದ ಕ್ಯಾಸೆಟ್ಟು. ಅದರ ಮೇಲೆ ಅಮ್ಮಿ ತಮ್ಮ ಕೈಯಾರೆ ಉರ್ದುವಿನಲ್ಲಿ ಮಗಳ ಹೆಸರು ಬರೆದರು. ದಿನವೂ ಸಂಜೆ ಚಹಾ ಮುಗಿದ ಮೇಲೆ ನಿನ್ನನ್ನು ಕರೆಯುತ್ತಿದ್ದರು: ‘ಜರಾ ನಸ್ರೀನ್ ಕೂ ಲಗಾ, ಬಾಬಾ.’ ನೀನು ಕ್ಯಾಸೆಟ್ಟು ಹಾಕುತ್ತಿದ್ದೆ. ಅವರು ಟೀವಿಯ ಹತ್ತಿರ ಹೋಗಿ ನಿಲ್ಲುತ್ತಿದ್ದರು, ಕೂರುತ್ತಿರಲಿಲ್ಲ.

ಆ ದಿನಗಳಲ್ಲೇ ವಿದೇಶಿ ಸಂಗೀತದ ವಿರುದ್ಧದ ನನ್ನ ಚರ್ಚೆಯೊಂದು ಟೀವಿಯ ಯುವಜನರ ಕಾರ್ಯಕ್ರಮಕ್ಕೆ ಆಯ್ಕೆಯಾಯಿತು. ಅಭ್ಯಾಸಕ್ಕೆಂದು ನಿಮ್ಮ ನಡುಮನೆಯಲ್ಲಿ ನಿಂತು, ನಿನ್ನ ಚಿಕ್ಕಪ್ಪನ ಮಕ್ಕಳ ಮುಂದೆ ಭಾಷಣ ಮಾಡುತ್ತಿದ್ದೆ. ಅಮ್ಮಿ ಬಂದು ನಿಂತರು.

‘ಸ್ವಲ್ಪ ನಿಲ್ಲಿಸು ಬೇಟಾ. ನಸ್ರೀನ್‌ನ ನೋಡ್ಬೇಕು.’

ನೀನು ನಗುತ್ತ ಹೇಳಿದೆ: ‘ಲೇ ಗುರು, ಬೈಯೋದೆಲ್ಲ ಆಮೇಲೆ. ಮೊದ್ಲು ನೀನ್ ಎಷ್ಟ್ ಸಲ ರಿವೈಂಡ್ ಮಾಡಿದ್ದೀಯ ಅಂತ ಹೇಳೋ. ಈ ಮಿಷಿನ್ ಹೆಡ್ಡು ಸವೆದಿರೋದೇ ನಿನ್ನಿಂದ.’

ಎಲ್ಲರೂ ನಕ್ಕರು. ಅಮ್ಮಿಯೂ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಮಗಳು ಹೋದ ಮೇಲೆ ಅವರು ನಕ್ಕದ್ದು ನಾನು ಕಂಡಂತೆ ಅದೇ ಮೊದಲು. ಮನುಷ್ಯನಾದವನು ಅದಕ್ಕೆ ಸಂತೋಷಪಡಬೇಕಿತ್ತು. ನಾನು — ಆ ನಗುವನ್ನು ಕ್ಷಮಿಸಲಿಲ್ಲ.

ಚರ್ಚೆ ಪ್ರಸಾರವಾದ ಭಾನುವಾರ ಸಂಜೆ ನೀವೆಲ್ಲ ಮದುವೆಗೆಂದು ಯಶವಂತಪುರಕ್ಕೆ ಹೋಗಿದ್ದಿರಿ. ನನ್ನನ್ನು ನಂಬಿ ಬೀಗದ ಕೈ ಕೊಟ್ಟಿದ್ದಿರಿ. ನನ್ನ ಚರ್ಚೆಯನ್ನು ರೆಕಾರ್ಡ್ ಮಾಡಿಕೊಳ್ಳಲೆಂದು ಟೀವಿಯ ಮೇಲೆ ನೀನು ಹೊಸ ಖಾಲಿ ಕ್ಯಾಸೆಟ್ಟೊಂದನ್ನು ಇಟ್ಟುಹೋಗಿದ್ದೆ. ಅದನ್ನು ಬಳಸದೆ ಕಪಾಟಿನೊಳಗೆ ಸರಿಸಿದೆ. ಕಪಾಟಿನಿಂದ ಅಮ್ಮಿಯ ಕ್ಯಾಸೆಟ್ಟನ್ನು ತೆಗೆದೆ.

ಅದರ ಬೆನ್ನಿನ ಪುಟ್ಟ ಪ್ಲಾಸ್ಟಿಕ್ ಚೂರನ್ನು ನೀನೇ ಮುರಿದಿದ್ದೆ. ಹಾಗೆ ಮುರಿದರೆ ಅದರ ಮೇಲೆ ಬೇರೇನೂ ರೆಕಾರ್ಡ್ ಆಗುವುದಿಲ್ಲ. ಆದರೆ ಆ ಕಂಡಿಗೆ ಸೆಲ್ಲೋಟೇಪ್ ಅಂಟಿಸಿದರೆ ಯಂತ್ರ ಮೋಸಹೋಗುತ್ತದೆ. ಹಳೆಯ ಕ್ಯಾಸೆಟ್ಟುಗಳಿಗೆ ಹಾಗೆ ಅಂಟಿಸಿ ಪಂದ್ಯಗಳನ್ನು ರೆಕಾರ್ಡ್ ಮಾಡುವುದು ನಿನ್ನದೇ ರೂಢಿ. ಅದನ್ನು ನಾನೂ ಕಲಿತಿದ್ದೆ. ಅಂಟಿಸಿದೆ. ಆರಂಭಕ್ಕೆ ರಿವೈಂಡ್ ಮಾಡಿದೆ. ರೆಕಾರ್ಡ್ ಗುಂಡಿ ಒತ್ತಿದೆ. ಅವಳು ನಾಲ್ಕನೆಯ ನಿಮಿಷದಲ್ಲಿ ಬರುತ್ತಾಳೆಂದು ನನಗೆ ಗೊತ್ತಿತ್ತು. ಗಡಿಯಾರ ನೋಡುತ್ತ ಕುಳಿತೆ. ಆ ನಿಮಿಷದಲ್ಲಿ ಪರದೆಯ ಮೇಲಿನ ನಾನು ನಮ್ಮ ತಾಯಂದಿರ ಕಣ್ಣೀರಿನ ಬಗ್ಗೆ ಮಾತನಾಡುತ್ತಿದ್ದೆ.

ಸತ್ತ ಮಗಳನ್ನು ಕಾಡಿಗೆ ಹಚ್ಚಿದ ಗಂಡಸರ ನಡುವೆ ದಿನವೂ ನೋಡುವ ದುರವಸ್ಥೆಯಿಂದ ಒಬ್ಬ ತಾಯಿಯನ್ನು ಬಿಡಿಸಿದೆ — ಹೀಗೊಂದು ತತ್ವವನ್ನು ಆ ಸಂಜೆಯೇ ಕಟ್ಟಿಕೊಂಡೆ. ಅದು ತತ್ವವಲ್ಲ. ಹತ್ತೊಂಬತ್ತರ ಅಹಂಕಾರಕ್ಕೆ ತಾಗಿದ ಪೆಟ್ಟು, ಅಷ್ಟೆ.

ಮರುದಿನ ಸಂಜೆ ನೀನು ಕ್ಯಾಸೆಟ್ಟು ಹಾಕಿದೆ. ಪರದೆಯ ಮೇಲೆ ನಾನು ಬಂದೆ. ಅಮ್ಮಿ ಎಂದಿನಂತೆ ನಿಂತೇ ಇದ್ದರು. ನನ್ನ ಮಾತು ಮುಗಿದ ಮೇಲೆ ಅವಳು ಬರಬಹುದೆಂದು ಕೊನೆಯವರೆಗೂ ಕಾದರು. ಮತ್ತೆ ನನ್ನ ಕಡೆ ತಿರುಗಿ, ‘ನಸ್ರೀನ್ ಎಲ್ಲಿ, ಬೇಟಾ?’ ಎಂದರು.

‘ಟೀವಿ ಮೇಲಿದ್ದ ಕ್ಯಾಸೆಟ್ಟನ್ನು ಹಾಕಿದೆ ಅಮ್ಮಿ. ನನಗೆ ಉರ್ದು ಓದೋಕೆ ಬರಲ್ಲವಲ್ಲ’ ಎಂದೆ.

ಅದೂ ಸುಳ್ಳು. ಲಂಡನ್ನಿಗೆ ಹೋಗುವ ಮುಂಚೆ ನಸ್ರೀನ್ ಅಕ್ಕ ತನ್ನ ಹೆಸರಿನ ಐದು ಅಕ್ಷರಗಳನ್ನು ನನಗೆ ಬರೆದು ಕಲಿಸಿದ್ದಳು. ನನಗೆ ಓದಲು ಬರುತ್ತಿದ್ದ ಉರ್ದು ಪದ ಅದೊಂದೇ. ನನಗದು ಬರುತ್ತದೆಂದು ಬಲ್ಲವಳು ಅವಳೊಬ್ಬಳೇ.

ನೀನು ಕ್ಯಾಸೆಟ್ಟು ತಿರುಗಿಸಿ ನೋಡಿ, ‘ಟೇಪ್ ಅಂಟಿಸಿದ್ದು ಯಾರೋ ಇದಕ್ಕೆ?’ ಎಂದೆ. ಆಗ ನನ್ನೊಳಗಿನ ಚರ್ಚಾಪಟು ಎದ್ದು ನಿಂತ.

‘ಹೋದ ವಾರ ಮ್ಯಾಚಿಗೆ ಟೇಪ್ ಅಂಟಿಸಿದ್ದು ಯಾರು?’

‘ನಾನೇ. ಆದ್ರೆ ಅದು ಬೇರೆ ಕ್ಯಾಸೆಟ್ಟು ಕಣೋ.’

‘ಎಷ್ಟಕ್ಕೆ ಅಂಟಿಸಿದೆ?’

‘ಮೂರೋ ನಾಲ್ಕೋ…’

‘ಮೂರೋ, ನಾಲ್ಕೋ? ಒಂದೊಂದರ ಹೆಸರು ಓದಿ ಅಂಟಿಸಿದೆಯಾ? ಅಮ್ಮಿಯ ಎದುರಿಗೆ ಖಂಡಿತವಾಗಿ ಹೇಳಬಲ್ಲೆಯಾ?’

ನೀನು ಪ್ರಾಮಾಣಿಕ. ಪ್ರಾಮಾಣಿಕರನ್ನು ಸೋಲಿಸುವುದು ಸುಲಭವೆಂದು ಚರ್ಚಾಕೂಟದಲ್ಲಿ ಕಲಿತಿದ್ದೆ: ಅವರು ತಮಗೆ ಖಚಿತವಿಲ್ಲದ್ದನ್ನು ಖಚಿತವೆನ್ನುವುದಿಲ್ಲ. ನಿನ್ನ ಮುಖದಲ್ಲಿ ನೆನಪೊಂದು ಕುಸಿದು, ಅದರ ಜಾಗದಲ್ಲಿ ನಾನು ಕೊಟ್ಟ ನೆನಪು ಬಂದು ಕೂರುವುದನ್ನು ನೋಡಿದೆ. ‘ನಾನೇ ಇರ್ಬೇಕು, ಅಮ್ಮಿ’ ಎಂದು ನೀನು ಹೇಳಿದೆ.

ಅಮ್ಮಿ ಬೈಯಲಿಲ್ಲ. ಬೈದಿದ್ದರೆ ಒಂದು ದಿನಕ್ಕೆ ಮುಗಿಯುತ್ತಿತ್ತು. ಅವರು ಮನೆಯವರಿಗೆ ಒಂದೇ ಮಾತು ಹೇಳತೊಡಗಿದರು: ‘ರಿಯಾಜ್ ಕೈಗೆ ಕೊಡ್ಬೇಡಿ.’ ಮದುವೆಯ ಆಲ್ಬಂ, ಕ್ಯಾಮೆರಾ, ಮೊಮ್ಮಕ್ಕಳ ಫೋಟೋಗಳಿದ್ದ ಮೊಬೈಲು — ರಿಯಾಜ್ ಕೈಗೆ ಕೊಡ್ಬೇಡಿ. ನಿನ್ನ ಮದುವೆಯಲ್ಲಿ ಹೇಳಿದರು, ಕೊಡಿಗೇಹಳ್ಳಿಯ ಹೊಸ ಮನೆಯ ಗೃಹಪ್ರವೇಶದಲ್ಲೂ ಹೇಳಿದರು. ನೀನು ನಗುತ್ತಿದ್ದೆ. ನಿನ್ನ ಮಗಳು ಸಫಿಯಾಳ ಒಂದು ಫೋಟೋವನ್ನೂ ನೀನು ತೆಗೆದಿಲ್ಲವೆಂದು ನಿನ್ನ ಹೆಂಡತಿ ಒಮ್ಮೆ ನನ್ನ ಹತ್ತಿರ ದೂರಿದರು. ‘ಏನ್ ಮಾಡೋದಣ್ಣಾ, ಕೈ ನಡುಗುತ್ತೆ ಅಂತಾರೆ’ ಎಂದರು. ನಾನು ಏನೋ ಸಮಾಧಾನ ಹೇಳಿದೆ.

ಈ ನಲವತ್ತು ವರ್ಷಗಳಲ್ಲಿ ನಾನೇನಾದೆನೆಂದು ನಿನಗೆ ಗೊತ್ತು. ಹೆಬ್ಬಾಳದ ಸುತ್ತಲ ಕಾಲೇಜುಗಳಲ್ಲಿ ಮಕ್ಕಳಿಗೆ ಸತ್ಯ ನುಡಿಯುವುದನ್ನು ಕಲಿಸುತ್ತೇನೆ. ನನ್ನ ಸಭೆಗಳಲ್ಲಿ ನೀನು ಮುಂದಿನ ಸಾಲಿನಲ್ಲಿ ಕೂರುತ್ತೀಯೆ.

ಇಲ್ಲಿಗೇ ಮುಗಿದಿದ್ದರೆ ಹುಡುಗತನದ ಕೇಡೆಂದು ಕರೆಯಬಹುದಿತ್ತು. ಇದಕ್ಕಿಂತ ದೊಡ್ಡದು, ಅರವತ್ತು ಹತ್ತಿರವಾದ ಮೇಲೆ ಮಾಡಿದ್ದು, ಇನ್ನೂ ಇದೆ.

ಎರಡು ವರ್ಷದ ಹಿಂದೆ, ಅಲ್ಲಿಯ ಹಳೆಯ ಪಾಪ್ ಕಾರ್ಯಕ್ರಮಗಳನ್ನು ಯಾರು ಯಾರೋ ಇಂಟರ್ನೆಟ್ಟಿಗೆ ಹಾಕಿದ್ದಾರೆಂದು ಸಫಿಯಾ ಕಂಡುಹಿಡಿದಳು. ಲ್ಯಾಪ್‌ಟಾಪಿನಲ್ಲಿ ಒಂದೊಂದಾಗಿ ಹುಡುಕತೊಡಗಿದಳು. ಪಕ್ಕದಲ್ಲಿ ಅಮ್ಮಿ, ಪೊರೆ ತೆಗೆಸಿದ ಕಣ್ಣುಗಳನ್ನು ಪರದೆಗೆ ಹತ್ತಿಸಿಕೊಂಡು, ಹಸಿರು ಕಾಣಿಸುತ್ತದೆಯೇ ಎಂದು ನೋಡುತ್ತಿದ್ದರು. ಹಾಡು ಯಾವುದು, ಹಾಡಿದವನು ಯಾರು — ಮನೆಯಲ್ಲಿ ಯಾರಿಗೂ ನೆನಪಿರಲಿಲ್ಲ.

‘ಅಂಕಲ್, ನೀವು ಆಗ ತುಂಬಾ ನೋಡ್ತಿದ್ರಂತಲ್ಲ. ಯಾವ ಹಾಡು ಅಂತ ನೆನಪಿದ್ಯಾ?’ ಎಂದು ಸಫಿಯಾ ಕೇಳಿದಳು.

‘ಇಲ್ಲಮ್ಮ’ ಎಂದೆ.

ನೀನು ಅಡುಗೆಮನೆಯಿಂದ ಚಹಾ ತರುತ್ತ, ‘ಬಿಡಮ್ಮಾ, ಅಳಿಸಿದವನು ನಾನು, ಅವನಿಗೇನ್ ಗೊತ್ತಿರುತ್ತೆ’ ಎಂದೆ.

ನನಗೆ ಹಾಡು ನೆನಪಿತ್ತು. ಗಾಯಕನ ಹೆಸರು ನೆನಪಿತ್ತು. ಆ ವಾರ ಅದು ಎಷ್ಟನೆಯ ಸ್ಥಾನದಲ್ಲಿತ್ತೆಂಬುದೂ ನೆನಪಿತ್ತು. ಕೆಂಪಾಪುರದ ನನ್ನ ಮನೆಗೆ ಬಂದು ಹುಡುಕಿದೆ. ಕಾಲು ಗಂಟೆಯೂ ಬೇಕಾಗಲಿಲ್ಲ. ಹೊಗೆ, ಹಳದಿ ಕೂದಲು, ಅದರ ಹಿಂದೆ ಗಿಳಿಹಸಿರು. ಅವಳು ಕೈ ತಟ್ಟಿದಳು. ನನ್ನನ್ನೇ ನೋಡಿ ‘ಅಮ್ಮಿ’ ಎಂದಳು.

ಅಮ್ಮಿ ಆಗ ಕೊಡಿಗೇಹಳ್ಳಿಯಲ್ಲಿ, ಸ್ಕೂಟರಿನಲ್ಲಿ ಹತ್ತು ನಿಮಿಷದ ದೂರದಲ್ಲಿ, ಎಚ್ಚರವಾಗಿ ಕುಳಿತಿದ್ದರು.

ನಾನು ಅದನ್ನು ಮುಚ್ಚಿದೆ. ಅವಳು ಸಿಕ್ಕರೆ ಆ ಭಾನುವಾರದ ಮಾತು ಮತ್ತೆ ಬರುತ್ತದೆ. ವಯಸ್ಸಾದ ನೀನು ನಿಧಾನವಾಗಿ ಯೋಚಿಸಿದರೆ — ಎಂಬ ಭಯ. ಅದಾದ ಮೇಲೆ ಎರಡು ವರ್ಷ ನಿಮ್ಮ ಮನೆಗೆ ಬಂದೆ, ಚಹಾ ಕುಡಿದೆ, ಹುಡುಕಾಟ ಎಲ್ಲಿಯವರೆಗೆ ಬಂತೆಂದು ವಿಚಾರಿಸಿದೆ. ಅಮ್ಮಿಗೆ ನೋವಾಗಬಾರದೆಂದು ಕಾದೆ ಎಂದು ಬರೆಯಲು ಹೊರಟಿದ್ದೆ. ಹೊಡೆದುಹಾಕಿದ್ದೇನೆ. ಅವರು ಸಾಯಲೆಂದು ಕಾದೆ.

ಹೋದ ತಿಂಗಳು ಅವರು ತೀರಿಕೊಂಡರು.

ಈ ಶುಕ್ರವಾರ ಮಧ್ಯಾಹ್ನ, ನಮಾಜ್ ಮುಗಿಸಿ ನೀವೆಲ್ಲ ಊಟಕ್ಕೆ ಸೇರುವ ಹೊತ್ತಿಗೆ ಬರುತ್ತೇನೆ. ಇದನ್ನು ನಿನ್ನ ಹೆಂಡತಿಯ ಎದುರಿಗೆ, ಸಫಿಯಾಳ ಎದುರಿಗೆ, ‘ರಿಯಾಜ್ ಕೈಗೆ ಕೊಡ್ಬೇಡಿ’ ಎಂದು ಕೇಳುತ್ತ ಬೆಳೆದ ಎಲ್ಲರ ಎದುರಿಗೆ ನಿಂತು ಓದುತ್ತೇನೆ. ನಡುವೆ ನಿಲ್ಲಿಸೆಂದರೂ ಪೂರ್ತಿ ಓದುತ್ತೇನೆ. ಕ್ಷಮೆ ಕೇಳುವುದಿಲ್ಲ, ಕೇಳಿದರೆ ನೀನು ಕೊಟ್ಟುಬಿಡುತ್ತೀಯೆ. ಓದಿ ಮುಗಿಸಿ, ಇಂಟರ್ನೆಟ್ಟಿನಲ್ಲಿ ಅವಳಿರುವ ಜಾಗವನ್ನು ಸಫಿಯಾಳಿಗೆ ತೋರಿಸಿ ಹೊರಡುತ್ತೇನೆ. ಮುಂದೆ ನನ್ನನ್ನು ಒಳಗೆ ಬಿಡಬೇಕೋ ಬೇಡವೋ ನಿಮ್ಮ ಮನೆಯ ವಿಚಾರ.

ನೀನು ನಿನ್ನ ಅಕ್ಕನನ್ನು ಮತ್ತೆ ನೋಡುವೆ. ಅಮ್ಮಿ ನೋಡಲಾರರು. ಎರಡು ವರ್ಷ, ಪ್ರತಿ ದಿನವೂ, ಅವರು ನೋಡಬಹುದಿತ್ತು. ನಾನು ಬಿಡಲಿಲ್ಲ.